ತಗಡಿನ ಮಡಿಕೆಯ ಲೆಕ್ಕ

ರಾಜ್ಯೋತ್ಸವಕ್ಕೆಂದು ನಾವೆಲ್ಲ ಸೇರುವ ಸಭಾಂಗಣದಲ್ಲಿ ಈ ಸಲ ಭಾಷಣ ತುಸು ಉದ್ದವಾದರೆ ಒಮ್ಮೆ ತಲೆ ಎತ್ತಿ ನೋಡಿ. ಸೀಲಿಂಗಿನಲ್ಲಿ ಅಲ್ಲಲ್ಲಿ ಚೌಕದ ಜಾಲರಿಗಳಿರುತ್ತವೆ, ಅವುಗಳಿಂದ ತಂಪು ಗಾಳಿ ಇಳಿಯುತ್ತಿರುತ್ತದೆ. ಆ ಸೀಲಿಂಗಿನ ಮೇಲೆ, ನಮಗ್ಯಾರಿಗೂ ಕಾಣದ ಕತ್ತಲೆಯಲ್ಲಿ, ತಗಡಿನ ದೊಡ್ಡ ದೊಡ್ಡ ಪೆಟ್ಟಿಗೆಗಳು ಒಂದಕ್ಕೊಂದು ಸೇರಿಕೊಂಡು ಕಟ್ಟಡದ ಈ ತುದಿಯಿಂದ ಆ ತುದಿಗೆ ಹರಿದಿರುತ್ತವೆ. ಡಕ್ಟ್ ಎನ್ನುವುದು ಇವನ್ನೇ. ಇವಿಲ್ಲದಿದ್ದರೆ ಜುಲೈ ತಿಂಗಳಲ್ಲಿ ಇಲ್ಲಿನ ಮಾಲ್‌ಗಳು ಬಾಗಿಲು ತೆರೆಯುವ ಹಾಗೇ ಇಲ್ಲ. ಆ ಪೆಟ್ಟಿಗೆಗಳನ್ನು ಮಡಿಚಿದವರು ನಮ್ಮಂಥವರೇ. ವೀಸಾದಲ್ಲಿ ಕೆಲವರಿಗೆ ‘ಡಕ್ಟ್‌ಮ್ಯಾನ್’ ಎಂದಿರುತ್ತದೆ, ಕೆಲವರಿಗೆ ‘ಫ್ಯಾಬ್ರಿಕೇಟರ್’, ಬಹಳ ಜನಕ್ಕೆ ಬರೀ ‘ಹೆಲ್ಪರ್’.

ನಾನು 2006ರಲ್ಲಿ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿಗೆ ಹೆಲ್ಪರ್ ಆಗಿ ಬಂದವನು. ಅಲ್ಲಿಂದ ಇಲ್ಲಿಯವರೆಗೆ ಕೈಯಲ್ಲಿ ತಗಡು ಬಿಟ್ಟು ಬೇರೇನೂ ಹಿಡಿದಿಲ್ಲ. ಈ ಕೆಲಸದ ಬಗ್ಗೆ ಬರೆಯಲು ಹೊರಟರೆ ಬೆವರು, ಕ್ಯಾಂಪು, ಊರಿನ ನೆನಪು ಎಂದು ಸುಮ್ಮನೆ ಹರಿದುಹೋಗುತ್ತದೆ. ಅದನ್ನು ಬರೆಯುವವರು ಬೇರೆ ಇದ್ದಾರೆ. ನಾನು ಒಂದೇ ಒಂದು ಲೆಕ್ಕದ ಬಗ್ಗೆ ಬರೆಯುತ್ತೇನೆ. ಆ ಲೆಕ್ಕ ಗೊತ್ತಿಲ್ಲದೆ ನಾನು ಆರು ವರ್ಷ ಕಳೆದೆ. ಗೊತ್ತಾದ ದಿನ ಅರವತ್ತು ಚಾನೆಲ್‌ಗಳು ಗುಜರಿಗೆ ಹೋದವು.

ಮೊದಲು ಡಕ್ಟಿನ ಕೆಲಸ. ಜಿಐ ತಗಡು, ಅಂದರೆ ಸತುವಿನ ಲೇಪವಿರುವ ಉಕ್ಕಿನ ಹಾಳೆ, ಸುರುಳಿಯಾಗಿ ಬರುತ್ತದೆ. ಒಳ್ಳೆಯ ಕೆಲಸಕ್ಕೆ ಜಿ-90 ಲೇಪ ಕೇಳುತ್ತಾರೆ, ಎಂದರೆ ಎರಡೂ ಮೈ ಸೇರಿ ಚದರ ಮೀಟರಿಗೆ 275 ಗ್ರಾಂ ಸತು. ಅದನ್ನು ಕತ್ತರಿಸಿ, ಒಂದು ಅಂಚನ್ನು ಲಾಕ್ ಮೆಷಿನ್ನಿಗೆ ಕೊಟ್ಟರೆ ಅಂಚು ತನ್ನ ಮೇಲೇ ಮಡಿಚಿಕೊಂಡು ಜೇಬಿನಂತಾಗಿ ಹೊರಬರುತ್ತದೆ. ಇನ್ನೊಂದು ತಗಡಿನ ಅಂಚನ್ನು ಚಿಕ್ಕದಾಗಿ ಬಗ್ಗಿಸಿ ಆ ಜೇಬಿನೊಳಗೆ ಕೂರಿಸಿ, ಹೊರಗೆ ಉಳಿದ ತುಟಿಯನ್ನು ಸುತ್ತಿಗೆಯಿಂದ ಬಡಿದು ಮುಚ್ಚಿದರೆ ಮುಗಿಯಿತು. ಪಿಟ್ಸ್‌ಬರ್ಗ್ ಲಾಕ್ ಎಂದು ಇದರ ಹೆಸರು. ಬೆಸುಗೆ ಇಲ್ಲ, ಮೊಳೆ ಇಲ್ಲ, ಬರೀ ಮಡಿಕೆ.

ಅಗಲದ ಮುಖಗಳ ಮೇಲೆ ಮೂಲೆಯಿಂದ ಮೂಲೆಗೆ ಇಂಟು ಗುರುತಿನ ಹಾಗೆ ತೆಳ್ಳಗೆ ಒಂದು ಗೆರೆ ಮುರಿದಿರುತ್ತೇವೆ. ಹೊಸಬರು ಅದನ್ನು ಅಂದಕ್ಕೆ ಎಂದುಕೊಳ್ಳುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ಶುರುವಾದಾಗೊಮ್ಮೆ, ನಿಂತಾಗೊಮ್ಮೆ ತಗಡು ಡೋಲಿನ ಹಾಗೆ ‘ಢಬ್’ ಎನ್ನುತ್ತದೆ. ಸಪಾಟಾದ ತಗಡಿಗೆ ಮೈಯಲ್ಲಿ ಬಿಗಿಯಿಲ್ಲ. ದಪ್ಪ ಎರಡು ಪಟ್ಟು ಮಾಡಿದರೆ ಬಿಗಿ ಎಂಟು ಪಟ್ಟು ಬರುತ್ತದೆ ನಿಜ, ಆದರೆ ತೂಕವೂ ದುಡ್ಡೂ ಎರಡು ಪಟ್ಟು. ಮಡಿಚಿದರೆ ಬಿಗಿ ಪುಕ್ಕಟೆ ಬರುತ್ತದೆ. ಊರಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ ತಲೆಗಿಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬರೀ ಹಾಳೆ ಗಾಳಿಗೆ ಬಳುಕುತ್ತದೆ, ಮಡಿಚಿ ಹೊಲಿದ ಮುಟ್ಟಾಳೆ ಹೊರೆ ಹೊತ್ತರೂ ಆಕಾರ ಬಿಡುವುದಿಲ್ಲ.

ಡಕ್ಟಿನಲ್ಲಿ ನಾವು ಅಳತೆಯನ್ನು ಕೂಡುವುದಷ್ಟೇ. 600ಕ್ಕೆ 400ರ ಪೆಟ್ಟಿಗೆ ಎಂದರೆ 600, 400, ಲಾಕಿಗೆ ಇಷ್ಟು, ಅಂಚಿಗೆ ಇಷ್ಟು. ತಗಡು 0.7 ಮಿ.ಮೀ. ತೆಳು. ಒಂದು ಮಡಿಕೆಗೆ ಒಂದೂಕಾಲು ಮಿ.ಮೀ. ಹೆಚ್ಚುಕಡಿಮೆಯಾದರೂ ಫ್ಲೇಂಜಿನ ಗ್ಯಾಸ್ಕೆಟ್ಟು, ಸೀಲೆಂಟು ಎಲ್ಲವನ್ನೂ ನುಂಗಿಕೊಳ್ಳುತ್ತವೆ. ಹಾಗಾಗಿ ಆರು ವರ್ಷ ನನಗೆ ಮಡಿಕೆಯಲ್ಲಿ ಲೆಕ್ಕವೊಂದಿದೆ ಎಂಬುದೇ ತಿಳಿಯಲಿಲ್ಲ. ನಾನು ಕೆಲಸ ಬಲ್ಲವನು ಎಂದೇ ತಿಳಿದಿದ್ದೆ.

ಅರವತ್ತು ಚಾನೆಲ್

2012ರಲ್ಲಿ ಬೇರೆ ಕಡೆ ಹೋದೆ. ಎಲೆಕ್ಟ್ರಿಕ್ ಪ್ಯಾನೆಲ್‌ಗಳ ಪೆಟ್ಟಿಗೆ, ಅವುಗಳ ಒಳ ಚೌಕಟ್ಟು ಮಾಡುವ ಜಾಗ. ಹೆಸರು ಬೇಡ. ಅಲ್ಲಿ ತಗಡು 2 ಮಿ.ಮೀ. ದಪ್ಪ, ಮೆಷಿನ್ ಪ್ರೆಸ್ ಬ್ರೇಕ್. ಮೇಲಿನಿಂದ ಚೂಪಾದ ಪಂಚ್ ಇಳಿಯುತ್ತದೆ, ಕೆಳಗೆ ವಿ ಆಕಾರದ ಗಾಡಿಯಿರುವ ಡೈ, ನಡುವೆ ತಗಡು. ಹಿಂದೆ ಬ್ಯಾಕ್ ಗೇಜ್, ತಗಡಿನ ಅಂಚನ್ನು ತಾಗಿಸಿ ನಿಲ್ಲಿಸಲು.

ಒಂದು ದಿನ ಬಂದದ್ದು ತುಟಿ ಇರುವ ‘ಸಿ’ ಚಾನೆಲ್. ಹೊರ ಅಳತೆ 20, 50, 100, 50, 20. ನಾಲ್ಕು ಮಡಿಕೆ. ಕೂಡಿದರೆ 240. ಆದರೆ ಲೇಸರ್ ಮೆಷಿನ್ನಿನಿಂದ ಬಂದ ಪಟ್ಟಿಯ ಅಗಲ 225.2. ನಾನು ವರ್ನಿಯರ್ ಹಿಡಿದು ಅಳೆದು, ಕತ್ತರಿಸಿದವನು ತಪ್ಪು ಮಾಡಿದ್ದಾನೆ, 15 ಮಿ.ಮೀ. ಕಡಿಮೆ ಇದೆ ಎಂದು ಫೋರ್‌ಮನ್ ಬಳಿ ಹೋದೆ. ಅವರು ನಕ್ಕು, ‘ನೀನು ಮಡಿಚು, ಸರಿಹೋಗುತ್ತದೆ’ ಎಂದರು. ಯಾಕೆ ಸರಿಹೋಗುತ್ತದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ತೋರಿಸಿಕೊಂಡಂತಾಗುತ್ತದಲ್ಲ!

ಆ ದಿನ 16 ಮಿ.ಮೀ. ಬಾಯಿಯ ಡೈ ಪಕ್ಕದ ಮೆಷಿನ್ನಿನಲ್ಲಿತ್ತು. ನಾನು 25ರದ್ದು ಹಾಕಿಕೊಂಡೆ. ವಿ ಅಂದರೆ ವಿ, ಅದರಲ್ಲೇನು ವ್ಯತ್ಯಾಸ? ಮೊದಲ ಪೀಸ್ ಮಡಿಚಿ ತುಟಿ ನೋಡಿದೆ, 20ಕ್ಕಿಂತ ತುಸು ಹೆಚ್ಚು ಬಂದಿತ್ತು, ಬ್ಯಾಕ್ ಗೇಜ್ ತಿದ್ದಿ 20ಕ್ಕೆ ತಂದೆ. ಪಕ್ಕದ್ದನ್ನೂ ಹಾಗೇ ತಿದ್ದಿ 50ಕ್ಕೆ ತಂದೆ. ಎರಡೂ ಕಡೆ 20, 50 ಸರಿಯಾಗಿ ಕೂತಮೇಲೆ ಇನ್ನೇನು ಎಂದು ಅರವತ್ತನ್ನೂ ಹೊಡೆದುಬಿಟ್ಟೆ. ಬೆನ್ನಿನ 100 ಅಳೆಯಲೇ ಇಲ್ಲ. ಸಂಜೆ ಜೋಡಣೆಯವರು ಚೌಕಟ್ಟಿಗೆ ಕೂರಿಸಲು ಹೋದರೆ ಒಂದೂ ಒಳಗೆ ಹೋಗುತ್ತಿಲ್ಲ. ಬೆನ್ನು 102.5 ಮಿ.ಮೀ. ಆಗಿತ್ತು.

ಡ್ರಾಯಿಂಗ್ ಮಾಡಿದವರು ತಮ್ಮದು ಸರಿ ಎಂದರು, ಸರಿಯೇ ಇತ್ತು. ಲೇಸರ್‌ನವನು 225.2 ಎಂದರೆ 225.2 ಕತ್ತರಿಸಿದ್ದ. ನಾನು 20 ಮತ್ತು 50 ತೋರಿಸಿದೆ. ಎಲ್ಲರೂ ಸರಿ, ಚಾನೆಲ್ ಮಾತ್ರ ತಪ್ಪು. ಕೊನೆಗೆ ಫೋರ್‌ಮನ್ ಬಗ್ಗಿ ಡೈ ನೋಡಿದರು. ಅವರು ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. ಆ ತಿಂಗಳ ಓವರ್‌ಟೈಮ್ ಹೋಯಿತು, ಅದು ಬಿಡಿ. ರಾತ್ರಿ ಅವರು ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆದು ತೋರಿಸಿದರು. ಹತ್ತನೇ ಕ್ಲಾಸು ಪಾಸಾದ ಯಾರಿಗಾದರೂ ಅರ್ಥವಾಗುವ ಲೆಕ್ಕ. ಆರು ವರ್ಷದಲ್ಲಿ ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಚಪ್ಪಲಿಯಲ್ಲಿರುವ ಪಾಠ

ನಿಮ್ಮ ಹವಾಯಿ ಚಪ್ಪಲಿ ತೆಗೆದುಕೊಳ್ಳಿ. ಅದರ ಅಂಚಿನ ದಪ್ಪದ ಮೇಲೆ ಪೆನ್ನಿನಿಂದ ಹತ್ತಿರ ಹತ್ತಿರ ನಾಲ್ಕಾರು ನೆಟ್ಟಗಿನ ಗೆರೆ ಎಳೆದು ಚಪ್ಪಲಿಯನ್ನು ಬಗ್ಗಿಸಿ. ಹೊರಮೈಯಲ್ಲಿ ಗೆರೆಗಳು ದೂರ ಸರಿಯುತ್ತವೆ, ಒಳಮೈಯಲ್ಲಿ ಒತ್ತೊತ್ತಾಗುತ್ತವೆ. ನಡುವೆ ಎಲ್ಲೋ ಒಂದು ಪದರದಲ್ಲಿ ಅಂತರ ಇದ್ದಷ್ಟೇ ಇರುತ್ತದೆ. ತಗಡಿನಲ್ಲೂ ಹೀಗೇ ಆಗುತ್ತದೆ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಒಂದು ಪದರ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಸಪಾಟಾಗಿದ್ದಾಗಿನ ನಿಜವಾದ ಉದ್ದ ಆ ಪದರದ ಉದ್ದ. ನಾವು ವರ್ನಿಯರ್‌ನಿಂದ ಅಳೆಯುವುದು ಹೊರಮೈಯನ್ನು. ಅದಕ್ಕೇ ಹೊರ ಅಳತೆ ಕೂಡಿದರೆ ಯಾವಾಗಲೂ ಹೆಚ್ಚು ಬರುತ್ತದೆ, ಆ ಹೆಚ್ಚಿನದನ್ನು ಕಳೆದು ಕತ್ತರಿಸಬೇಕು.

ಆ ಪದರ ಒಳಮೈಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಕೆ-ಫ್ಯಾಕ್ಟರ್ ಎನ್ನುತ್ತಾರೆ. ಸರಿಯಾಗಿ ನಡುವೆ ಇದ್ದರೆ 0.5. ಬಗ್ಗಿಸಿದಾಗ ಅದು ಒಳಗಡೆಗೆ ಸರಿಯುತ್ತದೆ, ಸಾಧಾರಣ ಉಕ್ಕಿಗೆ 0.44 ಹಿಡಿದರೆ ಕೆಲಸ ನಡೆಯುತ್ತದೆ. 90 ಡಿಗ್ರಿ ಮಡಿಕೆಯಲ್ಲಿ ಆ ಪದರದ ಉದ್ದ ಎಂದರೆ ಒಂದು ವೃತ್ತದ ಕಾಲು ಭಾಗ. ಒಳತ್ರಿಜ್ಯಕ್ಕೆ ದಪ್ಪದ 0.44 ಭಾಗ ಕೂಡಿ, 1.57ರಿಂದ ಗುಣಿಸಿ.

ಇನ್ನು ಒಳತ್ರಿಜ್ಯ. ಅದನ್ನು ಪಂಚಿನ ಮೂತಿ ತೀರ್ಮಾನಿಸುತ್ತದೆ ಎಂದು ನಾವೆಲ್ಲ ತಿಳಿಯುತ್ತೇವೆ. ತಗಡು ಡೈಯ ತಳಕ್ಕೆ ತಾಗದೆ ಗಾಳಿಯಲ್ಲೇ ಬಗ್ಗುವ ಇಂದಿನ ಪದ್ಧತಿಯಲ್ಲಿ ಹೆಚ್ಚಾಗಿ ತೀರ್ಮಾನಿಸುವುದು ಕೆಳಗಿನ ವಿ ಬಾಯಿಯ ಅಗಲ. ಸಾಧಾರಣ ಉಕ್ಕಿಗೆ ಬಾಯಿಯ ಅಗಲದ ನೂರಕ್ಕೆ ಸುಮಾರು 16 ಪಾಲು. 16ರ ಡೈಗೆ ಎರಡೂವರೆ ಮಿ.ಮೀ., 25ರ ಡೈಗೆ 4 ಮಿ.ಮೀ. ಈಗ ನನ್ನ ಚಾನೆಲ್ಲಿಗೆ ಬನ್ನಿ. 16ರ ಡೈಯಲ್ಲಿ ಒಂದು ಮಡಿಕೆಗೆ ಕಳೆಯಬೇಕಾದದ್ದು 3.7 ಮಿ.ಮೀ. ನಾಲ್ಕು ಮಡಿಕೆಗೆ 14.8, 240ರಲ್ಲಿ ಕಳೆದರೆ 225.2. ಡ್ರಾಯಿಂಗಿನವರು ಹಾಕಿದ್ದು ಅದೇ. 25ರ ಡೈಯಲ್ಲಿ ಒಂದು ಮಡಿಕೆಗೆ 4.3ಕ್ಕಿಂತ ತುಸು ಹೆಚ್ಚು. ಪಟ್ಟಿ 222.7 ಇರಬೇಕಿತ್ತು. ಎರಡೂವರೆ ಮಿ.ಮೀ. ತಗಡು ಉಳಿಯಿತು. ತುಟಿಯಲ್ಲೂ ಪಕ್ಕದಲ್ಲೂ ನಾನು ಅದಕ್ಕೆ ಜಾಗ ಕೊಡಲಿಲ್ಲ, ಅದು ಹೋಗಿ ಬೆನ್ನಿನಲ್ಲಿ ಕೂತಿತು.

ಊರಲ್ಲಿ ನನ್ನ ಸೋದರಮಾವ ತಗಡಿನ ಕೆಲಸದವರು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಚಿಮಣಿ, ಆಲಿಕೆ, ಬಾಲ್ದಿ ಮಾಡಿ ಸಂತೆಗೆ ಒಯ್ಯುತ್ತಿದ್ದರು. ಬಾಲ್ದಿಯ ಬಾಯಿಗೆ ತಂತಿ ಇಟ್ಟು ತಗಡಿನ ಅಂಚನ್ನು ಅದರ ಮೇಲೆ ಸುತ್ತುತ್ತಾರಲ್ಲ, ಅದಕ್ಕೆ ಎಷ್ಟು ತಗಡು ಬಿಡಬೇಕು ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. ‘ಲೆಕ್ಕ ಎಂತಕೆ ಮಾಣಿ, ನೂಲ್ ಸುತ್ತಿ ಕಾಣ್’ ಎಂದಿದ್ದರು. ತಂತಿಯ ದಪ್ಪದ ಎರಡೂವರೆ ಪಟ್ಟು ಎಂದು ಪುಸ್ತಕಗಳಲ್ಲಿದೆ. ಮಾವ ಪುಸ್ತಕ ಕಂಡವರಲ್ಲ, ಆದರೆ ಅವರ ಬಾಲ್ದಿಯ ಬಾಯಿ ಎಂದೂ ಬಿಚ್ಚಿಕೊಳ್ಳಲಿಲ್ಲ. ಅವರ ನೂಲಿನ ಜೊತೆಗೇ ಅವರ ಲೆಕ್ಕವೂ ಹೋಯಿತು. ಯಾರೂ ಬರೆದಿಟ್ಟುಕೊಳ್ಳಲಿಲ್ಲ. ನಾನಂತೂ ಶಾರ್ಜಾಕ್ಕೆ ಬಂದು, ಅರವತ್ತು ಚಾನೆಲ್ ಹಾಳು ಮಾಡಿ, ಮತ್ತೆ ಕಲಿಯಬೇಕಾಯಿತು.

ಮೂರು ಪಟ್ಟಿ, ಒಂದು ಪುಸ್ತಕ

ಸೂತ್ರ ತಲೆಗೆ ಹತ್ತದಿದ್ದರೆ ಬೇಡ, ಬಿಡಿ. ಮಾವನ ನೂಲಿನಂಥದೇ ಒಂದು ದಾರಿ ಇದೆ, ಸೂತ್ರಕ್ಕಿಂತ ಅದೇ ನಂಬಿಕಸ್ಥ. ಮಡಿಚಬೇಕಾದ ತಗಡಿನಿಂದಲೇ 100 ಮಿ.ಮೀ. ಉದ್ದ, ಎರಡು ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ. ವರ್ನಿಯರ್‌ನಿಂದ ಅಳೆದು ಸರಿಯಾಗಿ 100 ಇದೆಯೇ ನೋಡಿ, ಇಲ್ಲದಿದ್ದರೆ ಎಷ್ಟಿದೆಯೋ ಅಷ್ಟನ್ನು ಪಟ್ಟಿಯ ಮೇಲೇ ಬರೆಯಿರಿ. ಕೆಲಸಕ್ಕೆ ಬಳಸುವ ಅದೇ ಪಂಚ್, ಅದೇ ಡೈಯಲ್ಲಿ ಹೆಚ್ಚುಕಡಿಮೆ ನಡುವೆ 90 ಡಿಗ್ರಿಗೆ ಮಡಿಚಿ. ಸರಿಯಾಗಿ ನಡುವೆಯೇ ಆಗಬೇಕೆಂದಿಲ್ಲ, ಕೋನ ಮಾತ್ರ ಸರಿಯಿರಬೇಕು. ಎರಡೂ ಕಾಲುಗಳ ಹೊರ ಅಳತೆ ತೆಗೆದು ಕೂಡಿ. 51.8 ಮತ್ತು 51.9 ಬಂದರೆ 103.7. ಅದರಲ್ಲಿ 100 ಕಳೆಯಿರಿ. ಉಳಿದ 3.7 ನಿಮ್ಮ ಮೆಷಿನ್ನಿನಲ್ಲಿ, ಆ ತಗಡಿಗೆ, ಆ ಡೈಗೆ, ಒಂದು ಮಡಿಕೆಗೆ ಕಳೆಯಬೇಕಾದ ಸಂಖ್ಯೆ. ಮೂರು ಪಟ್ಟಿಯ ಸರಾಸರಿ ತೆಗೆದು ಪುಸ್ತಕದಲ್ಲಿ ಬರೆದಿಡಿ.

ನನ್ನ ಪುಸ್ತಕ ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕೊಂಡ ಮಾಮೂಲಿ ನೋಟ್‌ಬುಕ್ಕು. ಗ್ರೀಸಿನ ಬೆರಳಚ್ಚಿಲ್ಲದ ಹಾಳೆ ಅದರಲ್ಲಿಲ್ಲ. 1 ಮಿ.ಮೀ. ಉಕ್ಕಿಗೆ 8ರ ಡೈಯಲ್ಲಿ 1.9. ಒಂದೂವರೆಗೆ 12ರ ಡೈಯಲ್ಲಿ 2.8. ಎರಡಕ್ಕೆ 16ರಲ್ಲಿ 3.7. ಮೂರಕ್ಕೆ 25ರಲ್ಲಿ 5.6. ಇವನ್ನು ನೀವು ಹಾಗೇ ನಕಲು ಮಾಡಿಕೊಳ್ಳಬೇಡಿ, ನಿಮ್ಮ ಡೈ ಸವೆದಿರಬಹುದು, ನಿಮ್ಮ ತಗಡು ಬೇರೆ ಗಿರಣಿಯದಿರಬಹುದು. ಆದರೆ ನಿಮ್ಮ ಅಂಕಿ ಇವುಗಳಿಂದ ತೀರಾ ದೂರ ಬಂದರೆ ಇನ್ನೊಮ್ಮೆ ಅಳೆಯಿರಿ. ತಗಡಿನ ದಪ್ಪದ ಎಂಟು ಪಟ್ಟು ಡೈಯ ಬಾಯಿ ಎಂಬ ಹಳೆಯ ನಿಯಮ ಇಲ್ಲಿ ನಿಮಗೆ ಕಂಡಿರಬೇಕು.

ಪುಸ್ತಕದಲ್ಲಿ ಬರೆಯುವಾಗ ಗೇಜ್ ಬರೆಯಬೇಡಿ, ಮಿ.ಮೀ. ಬರೆಯಿರಿ. ಗೇಜ್ ಎಂಬುದು ದೊಡ್ಡ ಬಲೆ. 20 ಗೇಜ್ ಎಂದರೆ ಜಿಐ ತಗಡಿನಲ್ಲಿ 1 ಮಿ.ಮೀ., ಲೇಪವಿಲ್ಲದ ಉಕ್ಕಿನಲ್ಲಿ 0.91, ಸ್ಟೇನ್‌ಲೆಸ್‌ನಲ್ಲಿ 0.95, ಅಲ್ಯುಮಿನಿಯಂನಲ್ಲಿ 0.81. ಹೆಸರು ಒಂದು, ತಗಡು ನಾಲ್ಕು. ‘20 ಗೇಜ್ ಹಾಕು’ ಎಂದು ಹೇಳಿದವರು ಯಾವುದನ್ನು ಮನಸ್ಸಿನಲ್ಲಿಟ್ಟು ಹೇಳಿದರು ಎಂದು ಮಡಿಚುವವನಿಗೆ ಹೇಗೆ ಗೊತ್ತಾಗಬೇಕು?

ಹೋಟೆಲ್ ಅಡುಗೆಮನೆಗಳ ಕೆಲಸಕ್ಕೆ ಹೋದವರಿಗೆ ಸ್ಟೇನ್‌ಲೆಸ್‌ನ ಸ್ವಭಾವ ಗೊತ್ತಿರುತ್ತದೆ. 90ಕ್ಕೆ ಬಗ್ಗಿಸಿ ಪಂಚ್ ಎತ್ತಿದ ಕೂಡಲೇ ಅದು ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಸಾಧಾರಣ ಉಕ್ಕೂ ಬಿಚ್ಚಿಕೊಳ್ಳುತ್ತದೆ, ಒಂದು ಡಿಗ್ರಿ, ಹೆಚ್ಚೆಂದರೆ ಎರಡು. ಸ್ಟೇನ್‌ಲೆಸ್ ಅದಕ್ಕಿಂತ ಹೆಚ್ಚು. ಅದಕ್ಕಾಗಿ 88, 87ಕ್ಕೆ ಒತ್ತಿ, ಬಿಟ್ಟಾಗ 90ಕ್ಕೆ ಬಂದು ನಿಲ್ಲುವ ಹಾಗೆ ಮಾಡಬೇಕು. ಒಳತ್ರಿಜ್ಯವೂ ಅದಕ್ಕೆ ದೊಡ್ಡದು, ಡೈ ಬಾಯಿಯ ಐದನೇ ಒಂದು ಪಾಲು ಅಥವಾ ತುಸು ಹೆಚ್ಚು. ಬೇಕಾಗುವ ಒತ್ತಡ ಉಕ್ಕಿನ ಸುಮಾರು ಒಂದೂವರೆ ಪಟ್ಟು. ಉಕ್ಕಿನ ಪುಟದ ಅಂಕಿಯನ್ನು ಸ್ಟೇನ್‌ಲೆಸ್‌ಗೆ ಹಾಕಿದರೆ ಅರವತ್ತು ಚಾನೆಲ್ಲಿನ ಕಥೆಯೇ ಮತ್ತೆ.

ಇನ್ನೊಂದು, ನಾರು. ಗಿರಣಿಯಲ್ಲಿ ತಗಡನ್ನು ಉರುಳೆಗಳ ನಡುವೆ ಎಳೆದಿರುತ್ತಾರೆ, ಆ ಎಳೆದ ದಿಕ್ಕಿನಲ್ಲಿ ಅದರ ಮೈಯಲ್ಲಿ ಒಂದು ನಾರು ಓಡಿರುತ್ತದೆ. ಅಡಿಕೆ ಹಾಳೆಯನ್ನು ನಾರಿನ ಗುಂಟ ಮಡಿಚಿದರೆ ಸೀಳುತ್ತದೆ, ನಾರಿಗೆ ಅಡ್ಡವಾಗಿ ಮಡಿಚಿದರೆ ತಾಳುತ್ತದೆ. ತಗಡೂ ಹಾಗೆ. ಮಡಿಕೆಯ ಗೆರೆ ನಾರಿಗೆ ಅಡ್ಡ ಬರಬೇಕು. ಗಟ್ಟಿ ಅಲ್ಯುಮಿನಿಯಂನಲ್ಲಿ ಇದನ್ನು ಮರೆತರೆ ಮಡಿಕೆಯ ಹೊರಮೈಯಲ್ಲಿ ಕೂದಲೆಳೆಯ ಬಿರುಕು ಏಳುತ್ತದೆ. ತಗಡು ಉಳಿಸಬೇಕೆಂದು ಪೀಸುಗಳನ್ನು ಅಡ್ಡಾದಿಡ್ಡಿ ಕೂರಿಸುವ ಲೇಸರ್‌ನವರಿಗೆ ಇದು ನೆನಪಿರುವುದಿಲ್ಲ, ಬಿರುಕಿಗೆ ಬೈಗುಳ ಮಡಿಚುವವನಿಗೆ.

ಕಾಗದದ ಮೇಲಿನ ತಪ್ಪು

ಡ್ರಾಯಿಂಗ್ ಮಾಡುವ ಕೆಲವರು ಪ್ರೆಸ್ ಬ್ರೇಕ್ ಪಕ್ಕದಲ್ಲಿ ಒಂದು ದಿನವೂ ನಿಂತಿರುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವೂ ಮಡಿಚಿಕೊಳ್ಳುತ್ತದೆ. 2 ಮಿ.ಮೀ. ತಗಡಿಗೆ 8 ಮಿ.ಮೀ. ತುಟಿ ಬರೆದು ಕಳಿಸುತ್ತಾರೆ. 16ರ ಡೈಯಲ್ಲಿ ತುಟಿ ಕನಿಷ್ಠ 11 ಮಿ.ಮೀ. ಆದರೂ ಇರಬೇಕು, ಇಲ್ಲದಿದ್ದರೆ ಅಂಚು ಡೈಯ ಬಾಯಿಯ ಮೇಲೆ ಕೂರದೆ ಒಳಗೆ ಜಾರುತ್ತದೆ. ಡೈ ಬಾಯಿಯ ಹತ್ತರಲ್ಲಿ ಏಳು ಪಾಲು ಎಂದು ನೆನಪಿಟ್ಟರೆ ಸಾಕು. ರಂಧ್ರಗಳನ್ನು ಮಡಿಕೆಗೆ ಅಂಟಿಸಿ ಕೊಡುತ್ತಾರೆ, ಮಡಿಚಿದ ಮೇಲೆ ದುಂಡಗಿದ್ದ ರಂಧ್ರ ಮೊಟ್ಟೆಯಾಗಿರುತ್ತದೆ. ದಪ್ಪದ ಎರಡು ಪಟ್ಟು ಮತ್ತು ಒಳತ್ರಿಜ್ಯ, ಇಷ್ಟಾದರೂ ದೂರ ಬಿಡಬೇಕು. ಎರಡು ಮಡಿಕೆ ಸೇರುವ ಮೂಲೆಯಲ್ಲಿ ಸಣ್ಣ ಕಚ್ಚು ಕತ್ತರಿಸಿರದಿದ್ದರೆ ಮೂಲೆ ಹರಿಯುತ್ತದೆ.

ಇದನ್ನೆಲ್ಲ ಮಡಿಚುವ ಮೊದಲೇ ಕಾಗದದಲ್ಲಿ ನೋಡಿ ಹೇಳಬಲ್ಲವನಿಗೆ ಶೆಡ್ಡಿನಲ್ಲಿ ಬೇರೆಯೇ ಮರ್ಯಾದೆ. ಮಡಿಚಿ ಹಾಳಾದ ಮೇಲೆ ‘ನಾನು ಅವತ್ತೇ ಹೇಳಿದ್ದೆ’ ಎನ್ನುವವನಿಗೆ ಆ ಮರ್ಯಾದೆ ಇಲ್ಲ. ಹೆಲ್ಪರ್ ಆಗಿದ್ದವನು ಆಪರೇಟರ್ ಆಗುವುದು, ಆಪರೇಟರ್ ಆಗಿದ್ದವನು ಆಫೀಸಿನ ಎಸಿಯಲ್ಲಿ ಕೂತು ಪಟ್ಟಿಗಳ ಅಳತೆ ಹಾಕುವುದು, ಎರಡನ್ನೂ ನನ್ನ ಕಣ್ಣಮುಂದೆ ಕಂಡಿದ್ದೇನೆ. ಇಬ್ಬರ ಜೇಬಿನಲ್ಲೂ ಪುಸ್ತಕವಿತ್ತು. ಊರಿನಲ್ಲಿರುವ ತಮ್ಮಂದಿರು, ಮಕ್ಕಳಿಗೆ ಒಂದು ಮಾತು. ಐಟಿಐಯಲ್ಲಿ ಶೀಟ್ ಮೆಟಲ್ ವರ್ಕರ್ ಎಂಬ ಒಂದು ವರ್ಷದ ಟ್ರೇಡ್ ಇದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ಈಗ ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಲ್ಲೂ ಇದೆ, ಅಲ್ಲಿ ಡೈ ಮಾಡುವುದನ್ನೇ ಕಲಿಸುತ್ತಾರೆ. ನಾನು ಬರುವಾಗ ಇದನ್ನು ನನಗೆ ಹೇಳುವವರಿರಲಿಲ್ಲ.

ಒಂದು ಪೆಡಲ್, ನಾಲ್ಕು ಕೈ

ಇದನ್ನು ಬರೆಯುವುದು ಬೇಡ ಎಂದುಕೊಂಡಿದ್ದೆ. ಆದರೆ ಒತ್ತಡದ ಲೆಕ್ಕ ಹೇಳದೆ ಮಡಿಕೆಯ ಲೆಕ್ಕ ಮುಗಿಯುವುದಿಲ್ಲ. 2 ಮಿ.ಮೀ. ಉಕ್ಕನ್ನು 16ರ ಡೈಯಲ್ಲಿ ಒಂದು ಮೀಟರ್ ಉದ್ದ ಮಡಿಚಲು ಸುಮಾರು 16 ಟನ್ ಬೇಕು. ಮೂರು ಮೀಟರಿಗೆ 50 ಟನ್ ಹತ್ತಿರ. ಅದೇ ಡೈಯಲ್ಲಿ ತಗಡಿನ ದಪ್ಪ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಅದಕ್ಕೆ ಬೆರಳು ಯಾವ ಲೆಕ್ಕ?

ನಾವಿಬ್ಬರು ಮೂರು ಮೀಟರಿನ ತಗಡು ಹಿಡಿದಿದ್ದೆವು. ಪೆಡಲ್ ನನ್ನ ಕಾಲಡಿಯಲ್ಲಲ್ಲ, ಮೂರನೆಯವನ ಕಾಲಡಿಯಲ್ಲಿತ್ತು. ನನ್ನ ಜೊತೆಗಾರ ಬಿಹಾರದವನು, ತಗಡು ಗೇಜಿಗೆ ತಾಗಿಲ್ಲವೆಂದು ಸರಿಪಡಿಸಲು ಕೈ ಒಳಗೆ ಹಾಕಿದ. ‘ರುಕೋ’ ಎಂದ. ಪೆಡಲ್ ಒತ್ತಿದವನಿಗೆ ಶೆಡ್ಡಿನ ಗದ್ದಲದಲ್ಲಿ ಕೇಳಿಸಿದ್ದು ‘ಠೋಕೋ’. ಎರಡು ಬೆರಳಿನ ತುದಿ ಹೋಯಿತು. ಪಂಚಿನ ಕೆಳಗೆ ಬೆಳಕಿನ ಕಿರಣ ಹಾಯಿಸಿ ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ವ್ಯವಸ್ಥೆ ಅದರಲ್ಲಿತ್ತು. ಪೆಟ್ಟಿಗೆ ಮಡಿಚುವಾಗ ಮೇಲೆದ್ದ ತಗಡು ಕಿರಣಕ್ಕೆ ಅಡ್ಡ ಬಂದು ಮೆಷಿನ್ ನಿಲ್ಲುತ್ತದೆ, ಕೆಲಸ ತಡವಾಗುತ್ತದೆ ಎಂದು ಅದನ್ನು ಆರಿಸಿಟ್ಟಿದ್ದರು. ಆರಿಸಿದ್ದು ನಮಗೆಲ್ಲ ಗೊತ್ತಿತ್ತು. ನಾವೂ ಸುಮ್ಮನಿದ್ದೆವು, ಓವರ್‌ಟೈಮ್ ಇಲ್ಲದೆ ಬೇಗ ಮುಗಿಯುತ್ತದಲ್ಲ ಎಂದು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಊಟದ ತಟ್ಟೆಯನ್ನು ಎಡಗೈಯಲ್ಲಿ ಹಿಡಿಯಲು ಕಲಿಯುತ್ತಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಅದು ಈಗಲೂ ನನ್ನನ್ನು ಕೊರೆಯುತ್ತದೆ. ಅಂದಿನಿಂದ ನಾನಿರುವ ಮೆಷಿನ್ನಿನಲ್ಲಿ ಪೆಡಲ್ ಒತ್ತುವವನು ಒಬ್ಬನೇ, ತಗಡು ಹಿಡಿದವರಲ್ಲೇ ಒಬ್ಬ, ಎದುರಿನವನು ಎರಡೂ ಕೈ ಎತ್ತಿ ತೋರಿಸಿದ ಮೇಲೆಯೇ ಒತ್ತಬೇಕು. ಬಾಯಿಮಾತು ನಡೆಯುವುದಿಲ್ಲ. ದೊಡ್ಡ ತಗಡಿನ ಮುಂದಿನ ಅಂಚು ಮಡಿಚುವಾಗ ಮೇಲಕ್ಕೆ ಚಿಮ್ಮುತ್ತದೆ, ಮುಖ ಅದರ ದಾರಿಯಲ್ಲಿರಬಾರದು. ಕಿರಣ ಆರಿಸಿ ಎಂದವರಿಗೆ ಬರೆದುಕೊಡಿ ಎನ್ನುತ್ತೇನೆ. ಇಲ್ಲಿಯವರೆಗೆ ಯಾರೂ ಬರೆದುಕೊಟ್ಟಿಲ್ಲ.

ಈಗಿನ ಮೆಷಿನ್‌ಗಳು ಬೇರೆ. ಕೋನವನ್ನು ತಾವೇ ಅಳೆದು ತಾವೇ ತಿದ್ದಿಕೊಳ್ಳುವಂಥವು ಬಂದಿವೆ. ಎರಡು ವರ್ಷದ ಹಿಂದೆ ಹಾವೇರಿ ಕಡೆಯ ಒಬ್ಬ ಹುಡುಗ ನನ್ನ ಕೈಕೆಳಗೆ ಬಂದ. ನನ್ನ ನೋಟ್‌ಬುಕ್ ನೋಡಿ, ‘ಅಣ್ಣಾ, ಸಾಫ್ಟ್‌ವೇರ್ ಎಲ್ಲಾ ಲೆಕ್ಕಾ ತಾನ ಮಾಡತೈತಿ, ಇದ್ಯಾಕ ಬೇಕು?’ ಎಂದ. ಸರಿ ಎಂದು ಆಫೀಸಿಗೆ ಕರೆದುಕೊಂಡು ಹೋಗಿ ಆ ಸಾಫ್ಟ್‌ವೇರಿನ ಪಟ್ಟಿ ತೆಗೆಸಿದೆ. ಡೈ, ತಗಡು, ದಪ್ಪ, ಪಕ್ಕದಲ್ಲಿ ಕಳೆಯುವ ಸಂಖ್ಯೆ. ಒಂದೂವರೆ ಮಿ.ಮೀ. ಸ್ಟೇನ್‌ಲೆಸ್ ಎದುರು ಉಕ್ಕಿನ ಸಂಖ್ಯೆಯೇ ಕೂತಿತ್ತು. ಮೆಷಿನ್ ಕೂರಿಸಿದ ದಿನ ಯಾರೋ ತುಂಬಿದ್ದು, ಅಂದಿನಿಂದ ಯಾರೂ ಮುಟ್ಟಿಲ್ಲ. ‘ಇದಕ್ಕ ಯಾರು ಹೇಳಿಕೊಡೋರು?’ ಎಂದು ಅವನೇ ಕೇಳಿದ. ಆ ದಿನ ಸಂಜೆ ಮೂರು ಪಟ್ಟಿ ಕತ್ತರಿಸಿದೆವು. ಅವನೇ ಅಳೆದ, ಅವನೇ ಬರೆದ, ಆಫೀಸಿನವರು ಅವನ ಅಂಕಿಯನ್ನೇ ಪಟ್ಟಿಗೆ ಹಾಕಿದರು.

ಈ ವರ್ಷ ಅವನು ಅಬುಧಾಬಿಯ ಮುಸಫ್ಫಾದಲ್ಲಿ ಆಪರೇಟರ್ ಆಗಿ ಹೋಗಿದ್ದಾನೆ. ಕಳೆದ ಶುಕ್ರವಾರ ರಾತ್ರಿ ಫೋನ್ ಮಾಡಿದ.

‘ಅಣ್ಣಾ, ಇಲ್ಲಿ ಒಂದೂವರೆ ಸ್ಟೇನ್‌ಲೆಸ್‌ಗೆ 12ರ ಡೈ ಹಾಕೀನಿ. 3.1 ಬಂತು. ನಿಮ್ಮ ಪುಸ್ತಕದಾಗ ಎಷ್ಟೈತಿ?’

ಪುಸ್ತಕ ತೆಗೆದು ನೋಡಿದೆ. 3.0 ಇತ್ತು.

‘ಎಷ್ಟು ಪಟ್ಟಿ ಮಡಿಚಿದೆ?’

‘ಎರಡು, ಅಣ್ಣಾ.’

‘ಇನ್ನೊಂದು ಮಡಿಚು. ನಾನು ಫೋನ್ ಹಿಡಿದಿರುತ್ತೇನೆ.’